ರುಮಾಲಿನ ಲಾಡಿಯ ಗಂಟುಗಳು

ಹೊಸ ಜಿಲ್ಲೆಯಾದ ಮರುವರ್ಷ, ದಸರಾ ರಜೆ ಮುಗಿದು ಕಚೇರಿ ತೆರೆದ ಮೊದಲ ದಿನ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ, ಬಾಗಿಲಿನಿಂದ ಒಳಗೆ ಮೂರು ಹೆಜ್ಜೆ ದೂರದಲ್ಲಿ, ಎಡಗಡೆಯ ಎರಡನೇ ಕಬ್ಬಿಣದ ರ‍್ಯಾಕಿಗೆ ಬೆನ್ನು ಕೊಟ್ಟು ನಿಂತಿದ್ದೆ. ಗೋಡೆ ಗಡಿಯಾರ ನನ್ನೆದುರಿಗೇ ಇತ್ತು. ಆ ಗಡಿಯಾರ ಐದು ನಿಮಿಷ ಮುಂದೆ ಓಡುತ್ತಿತ್ತೆಂದು ಆಮೇಲೆ ಅಟೆಂಡರಮ್ಮ ಹೇಳಿದಳು. ಹಾಗಾದರೆ ಹನ್ನೊಂದು ಐದು.

ಯಾವ ಊರಿನ ಕಚೇರಿ ಎಂದು ಬರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಕಡೆ ಗುಮಾಸ್ತನಾಗಿ ಕೆಲಸ ಮಾಡಿದ್ದೇನೆ. ಹರಪನಹಳ್ಳಿಯಲ್ಲಂತೂ ಕುರ್ಚಿ ಕದಲಿಸದೆ ಕೂತಲ್ಲೇ ಜಿಲ್ಲೆ ಬದಲಾದದ್ದನ್ನು ಕಂಡಿದ್ದೇನೆ. ಇದು ಆ ಐದರಲ್ಲಿ ಒಂದು. ಅಷ್ಟು ಸಾಕು.

ಕೋಣೆಯೊಳಗೆ ಐದು ಜನ ಇದ್ದೆವು. ತಪಾಸಣೆಗೆ ಬಂದ ಹಿರಿಯ ಅಧಿಕಾರಿ, ನಮ್ಮ ಶಿರಸ್ತೇದಾರರು, ಅಟೆಂಡರಮ್ಮ, ನಾನು, ಮತ್ತು ದಾಖಲೆ ಕೋಣೆಯನ್ನು ನೋಡಿಕೊಳ್ಳುವ ನನ್ನ ಗೆಳೆಯ. ಅಧಿಕಾರಿಯ ಜೀಪಿನ ಡ್ರೈವರ್ ಹೊಸ್ತಿಲಾಚೆ ನಿಂತು ಇಣುಕುತ್ತಿದ್ದ.

ಗೆಳೆಯನಿಗೆ ಕಣ್ಣು ಕಾಣುವುದಿಲ್ಲ. ಕೆಲಸಕ್ಕೆ ಸೇರುವಾಗ ಕಾಣುತ್ತಿತ್ತು. ನಾವಿಬ್ಬರೂ ಒಂದೇ ತಿಂಗಳು ಸೇರಿದವರು, ಹರಪನಹಳ್ಳಿಯಲ್ಲಿ ಒಂದೇ ಕೋಣೆ ಬಾಡಿಗೆಗೆ ಹಿಡಿದವರು. ಆಗ ಅವನು ಮುಸ್ಸಂಜೆಯಾದರೆ ಮೆಟ್ಟಿಲು ಎಡವುತ್ತಿದ್ದ. ಚಪ್ಪಲಿ ಸರಿಯಿಲ್ಲ ಅನ್ನುತ್ತಿದ್ದ. ಎರಡು ಜೊತೆ ಚಪ್ಪಲಿ ಬದಲಾಯಿಸಿದ ಮೇಲೆ ಡಾಕ್ಟರ ಹತ್ತಿರ ಹೋದೆವು. ಕಣ್ಣಿನ ಹಿಂದಿನ ಪರದೆ ನಿಧಾನವಾಗಿ ಹಾಳಾಗುವ ಕಾಯಿಲೆ, ತಡೆಯಲು ಔಷಧಿಯಿಲ್ಲ ಅಂದರು. ಪೂರ್ತಿ ಹೋಗಲು ಹದಿನಾಲ್ಕು ವರ್ಷ ಹಿಡಿಯಿತು. ಆ ಹದಿನಾಲ್ಕು ವರ್ಷವೂ ಅವನು ಕೆಲಸ ಮಾಡುತ್ತಲೇ ಇದ್ದ. ಅಕ್ಷರ ಕಾಣುವವರೆಗೆ ಟೇಬಲ್ ಕೆಲಸ, ಆಮೇಲೆ ದಾಖಲೆ ಕೋಣೆ.

ಆ ಕೋಣೆಯಲ್ಲಿ ಊರೂರಿನ ಹಳೇ ಪಹಣಿ, ಖಾತೆ ಬದಲಾವಣೆಯ ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಆ ಬಟ್ಟೆಗೇ ಹೊಲಿದಿರುವ ಎರಡು ಲಾಡಿಗಳಿಂದ ಕಟ್ಟಿಡುತ್ತಾರೆ. ಇದಕ್ಕೆ ರುಮಾಲು ಅನ್ನುತ್ತಾರೆ. ಊರಿಗೊಂದು ರುಮಾಲು, ಕಚೇರಿಯ ಪಟ್ಟಿಯಲ್ಲಿ ಊರಿಗೊಂದು ನಂಬರು. ಯಾರಾದರೂ ಊರಿನ ಹೆಸರು ಹೇಳಿದರೆ ಗೆಳೆಯ ಎದ್ದು ಹೋಗಿ, ರ‍್ಯಾಕಿನ ಮೇಲೆ ಕೈಯಾಡಿಸಿ, ಆ ರುಮಾಲನ್ನು ಎತ್ತಿ ತಂದು ಟೇಬಲ್ ಮೇಲೆ ಇಡುತ್ತಿದ್ದ. ಅಟೆಂಡರಮ್ಮ ಬಿಚ್ಚಿ, ಸರ್ವೆ ನಂಬರ್ ಓದಿ, ಬೇಕಾದ ಹಾಳೆ ತೆಗೆಯುತ್ತಿದ್ದಳು.

“ನೀ ತರೋದು, ನಾ ಓದೋದು. ಪಗಾರ ಮಾತ್ರ ನಿನಗ ಜಾಸ್ತಿ,” ಅನ್ನುತ್ತಿದ್ದಳು ಅವಳು.

“ರ‍್ಯಾಕಿನ ಧೂಳೆಲ್ಲ ನಾ ಕುಡಿತೀನಿ ನೋಡಬೇ, ಅದಕ್ಕ,” ಅನ್ನುತ್ತಿದ್ದ ಅವನು.

ಅವನು ಹೇಗೆ ಗುರುತು ಹಿಡಿಯುತ್ತಾನೆಂದು ನಾವ್ಯಾರೂ ಯೋಚಿಸಿರಲಿಲ್ಲ. ಅಭ್ಯಾಸಬಲ ಅಂದುಕೊಂಡಿದ್ದೆವು. ಲಾಡಿಗಳ ತುದಿಯಲ್ಲಿ ಸಣ್ಣ ಸಣ್ಣ ಗಂಟುಗಳಿದ್ದದ್ದನ್ನು ನಾನು ಕಂಡಿದ್ದೆ. ಒಮ್ಮೆ ಕೇಳಿಯೂ ಇದ್ದೆ. “ಕೈ ಸುಮ್ನ ಇರಂಗಿಲ್ಲಲೇ,” ಅಂದಿದ್ದ. ಕೆಲವರು ನೆಟಿಕೆ ಮುರಿಯುವಂತೆ ಇವನು ಗಂಟು ಹಾಕುತ್ತಾನೆ ಎಂದು ಸುಮ್ಮನಾದೆ. ಎರಡನೇ ಸಲ ಕೇಳಲಿಲ್ಲ. ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು ಎಂದು ಈಗ ಅನ್ನಿಸುತ್ತದೆ.

ಶಿರಸ್ತೇದಾರರಿಗೆ ಅವನನ್ನು ಮನೆಗೆ ಕಳಿಸುವ ಮನಸ್ಸಿತ್ತು. ಕೆಟ್ಟ ಮನುಷ್ಯರಲ್ಲ. ಹಬ್ಬದಲ್ಲಿ ಅವನ ಮನೆಗೆ ಹೋಳಿಗೆ ಕಳಿಸುವವರು. ಆದರೆ ಕಣ್ಣಿಲ್ಲದವನು ದಾಖಲೆ ಕಾಯುವುದು ಅವರಿಗೆ ಸರಿ ಕಾಣುತ್ತಿರಲಿಲ್ಲ. ಸ್ವಯಂ ನಿವೃತ್ತಿಯ ಅರ್ಜಿಯನ್ನು ತಾವೇ ಟೈಪು ಮಾಡಿಸಿ ಮೂರು ಸಲ ಅವನ ಮುಂದಿಟ್ಟಿದ್ದರು.

“ನಿನ್ನ ಒಳ್ಳೇದಕ್ಕ ಹೇಳ್ತೀನಪ್ಪ. ಪಿಂಚಣಿ ಬರ್ತೈತಿ. ಮನ್ಯಾಗ ಆರಾಮಾಗಿ ಕುಂದ್ರು.”

“ಮನ್ಯಾಗ ಕುಂತ್ರ ಗ್ವಾಡಿ ಜೊತಿ ಮಾತಾಡ್ಬೇಕ್ರಿ ಸರ. ಇಲ್ಲಾದ್ರ ನೀವದೀರಿ.”

ಮೂರು ಸಲವೂ ಹೀಗೇ ನಗಿಸಿ ತಪ್ಪಿಸಿಕೊಂಡಿದ್ದ. ಆದರೆ ಸಹಿ ಅನ್ನುವುದು ಒಂದೇ ಸಲ ಮಾಡುವಂಥದ್ದು. ಮಾಡಿದರೆ ಮುಗಿಯಿತು. ಹನ್ನೆರಡು ವರ್ಷ ಉಳಿದಿದ್ದ ನೌಕರಿ ಆ ಸಹಿಗೆ ಹೋಗುತ್ತಿತ್ತು.

ಆಯುಧಪೂಜೆಯ ಹಿಂದಿನ ದಿನ ಅವನು ರಜೆಯಲ್ಲಿದ್ದ. ಅಂಗವಿಕಲರ ಕಾರ್ಡಿನ ಕೆಲಸಕ್ಕೆ ದೊಡ್ಡಾಸ್ಪತ್ರೆಗೆ ಹೋಗಿದ್ದ. ಅವತ್ತೇ ಹೊಸ ರುಮಾಲು ಬಟ್ಟೆಯ ಕಟ್ಟುಗಳು ಬಂದವು. ರಜೆ ಮುಗಿದ ಕೂಡಲೇ ತಪಾಸಣೆ ಎಂದು ಮೊದಲೇ ಗೊತ್ತಿತ್ತು. ನಾನು ಹೇಳಿದೆ: “ಎಲ್ಲಾ ಹಳೇವು ಬಿಚ್ಚಿ ಹೊಸಾವು ಕಟ್ಟೋಣ. ಹಬ್ಬಕ್ಕೂ ಆತು, ಸಾಹೇಬ್ರಿಗೂ ಆತು.” ಇದನ್ನು ಹೇಳಿದವನು ನಾನೇ. ಬೇರೆ ಯಾರೂ ಅಲ್ಲ.

ನಾಲ್ಕು ಜನ ಸೇರಿ ಸಂಜೆಯೊಳಗೆ ಎಲ್ಲವನ್ನೂ ಬಿಚ್ಚಿ, ಧೂಳು ಕೊಡವಿ, ಹೊಸ ಬಟ್ಟೆಯಲ್ಲಿ ಒಂದೇ ತರಹದ ಗಂಟು ಹಾಕಿ ಕಟ್ಟಿದೆವು. ಕಂಪ್ಯೂಟರಿನಲ್ಲಿ ಊರಿನ ಹೆಸರು ತೆಗೆದು ಅಂಟಿಸಿದೆವು. ಅ, ಆ, ಇ, ಈ ಎಂದು ಅಕ್ಷರದ ಸಾಲಿನಲ್ಲಿ ಜೋಡಿಸಿದೆವು. ರ‍್ಯಾಕುಗಳಿಗೆ ಚೆಂಡುಹೂವು ಕಟ್ಟಿ, ಕುಂಕುಮ ಹಚ್ಚಿದೆವು. ಕೋಣೆ ಮದುವೆ ಮನೆಯಂತೆ ಕಂಡಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಫೋನಿನಲ್ಲಿ ಫೋಟೋ ಹಿಡಿದುಕೊಂಡೆ.

ಆ ಫೋಟೋ ಈಗಲೂ ಇದೆ. ನೋಡಲು ಆಗುವುದಿಲ್ಲ.

ಈಗ ಹನ್ನೊಂದು ಐದಕ್ಕೆ ಬರುತ್ತೇನೆ. ಅಧಿಕಾರಿ ಕೋಣೆಯನ್ನು ಸುತ್ತ ನೋಡಿ, ಚೆನ್ನಾಗಿಟ್ಟಿದ್ದೀರಿ ಅಂದರು. ನನಗೆ ಎದೆಯುಬ್ಬಿತು. ಆಮೇಲೆ ಗೆಳೆಯನ ಕಡೆ ತಿರುಗಿ ಒಂದು ಊರಿನ ಹೆಸರು ಹೇಳಿ, ಆ ರುಮಾಲು ತರಲು ಹೇಳಿದರು. ಗೆಳೆಯ ಆಗಷ್ಟೇ ಬಸ್ಸಿಳಿದು ಬಂದಿದ್ದ. ಹೊಸ ಬಟ್ಟೆಯ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುವಂಥ ವಿಷಯ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಅವನು ರ‍್ಯಾಕಿಗೆ ಕೈ ಇಟ್ಟ. ಒಂದು ರುಮಾಲು ಮುಟ್ಟಿದ, ಬಿಟ್ಟ. ಪಕ್ಕದ್ದು ಮುಟ್ಟಿದ, ಬಿಟ್ಟ. ಕೆಳಗಿನ ಸಾಲಿಗೆ ಬಂದ. ಚೆಂಡುಹೂವಿನ ಮಾಲೆ ಕೈಗೆ ಸಿಕ್ಕಿ ಹರಿಯಿತು. ಒಂದು ರುಮಾಲನ್ನು ಎತ್ತಿ ಮೂಗಿನ ಹತ್ತಿರ ತಂದ. ಹೊಸ ಬಟ್ಟೆಗೆ ಗಂಜಿಯ ವಾಸನೆ ಇರುತ್ತದಲ್ಲ, ಅದು. ಅದನ್ನು ಕೆಳಗಿಟ್ಟ, ಲಾಡಿ ಮಾತ್ರ ಕೈಯಲ್ಲೇ ಉಳಿಯಿತು. ಅವನ ಕಿವಿಯ ಹಿಂದಿನಿಂದ ಬೆವರು ಇಳಿದದ್ದನ್ನು ನೋಡಿದೆ.

“ಗೊತ್ತಾತ್ರಿ,” ಅಂದ. “ಬಾಯಿಲೆ ಹೇಳಿದ್ರ ಸಾಕಿತ್ತು. ಇಷ್ಟ್ಯಾಕ ಕಷ್ಟಪಟ್ರಿ ಎಲ್ರೂ?”

ಯಾರಿಗೂ ಅರ್ಥವಾಗಲಿಲ್ಲ. ಅವನು ಶಿರಸ್ತೇದಾರರ ಉಸಿರು ಕೇಳಿದ ಕಡೆಗೆ ಮುಖ ತಿರುಗಿಸಿದ.

“ಸರ, ಆ ಅರ್ಜಿ ಕೊಡ್ರಿ. ಎಲ್ಲಿ ಸಹಿ ಮಾಡ್ಬೇಕು ಬೆರಳಿಟ್ಟು ತೋರಿಸ್ರಿ.”

ಅರ್ಜಿ ಶಿರಸ್ತೇದಾರರ ಕೈಯಲ್ಲಿದ್ದ ಫೈಲಿನಲ್ಲೇ ಇತ್ತು. ಅಧಿಕಾರಿಗೆ ಈ ವಿಷಯ ತಿಳಿಸಬೇಕೆಂದು ತಂದಿದ್ದರೋ ಏನೋ. ಹಾಳೆ ಹೊರಗೆ ಬಂತು. ಪೆನ್ನು ಬಂತು. ಶಿರಸ್ತೇದಾರರು ಅವನ ಬೆರಳು ಹಿಡಿದು ಹಾಳೆಯ ಕೆಳತುದಿಗೆ ಒಯ್ದರು.

ನಾನು ಅವನ ಎಡಗೈ ನೋಡುತ್ತಿದ್ದೆ. ಆ ಕೈಯಲ್ಲಿ ಇನ್ನೂ ಒಂದು ರುಮಾಲಿನ ಹೊಸ ಲಾಡಿ ಇತ್ತು. ಅವನ ಹೆಬ್ಬೆರಳು ಲಾಡಿಯ ತುದಿಯಲ್ಲಿ ಮೇಲೆ ಕೆಳಗೆ ಓಡಾಡುತ್ತಿತ್ತು, ಏನನ್ನೋ ಹುಡುಕುವ ಹಾಗೆ. ಆ ಹೆಬ್ಬೆರಳು ಹಾಗೆ ಓಡಾಡುವುದನ್ನು ವರ್ಷಗಟ್ಟಲೆ ನೋಡಿದ್ದೆ. ಗಂಟುಗಳು ಅಲ್ಲೇ ಇರುತ್ತಿದ್ದವು. ಅವನ ಅಪ್ಪ ಚಿಗಟೇರಿ ಕಡೆಯ ಹಳ್ಳಿಯಲ್ಲಿ ಪುಂಡಿ ನಾರಿನ ಹಗ್ಗ ಹೊಸೆದು ಸಂತೆಗೆ ಒಯ್ಯುತ್ತಿದ್ದವರು. ಹಗ್ಗ ಎಷ್ಟು ಮಾರು ಉದ್ದವೋ ತುದಿಯಲ್ಲಿ ಅಷ್ಟು ಗಂಟು ಹಾಕುತ್ತಿದ್ದರಂತೆ, ಗಿರಾಕಿ ಕಣ್ಣು ಮುಚ್ಚಿ ಮುಟ್ಟಿದರೂ ಅಳತೆ ಗೊತ್ತಾಗಲಿ ಎಂದು. ಬಾಡಿಗೆ ಕೋಣೆಯಲ್ಲಿ ಅವನೇ ಹೇಳಿದ ಮಾತು. ಅದೆಲ್ಲ ಒಟ್ಟಿಗೆ ನನ್ನ ತಲೆಗೆ ಬಂದು ಹೊಡೆಯಿತು.

ಅಧಿಕಾರಿಗಳ ಮುಂದೆ ನಾವಿಬ್ಬರೂ ಒಬ್ಬರಿಗೊಬ್ಬರು ‘ರೀ’ ಅನ್ನುವವರು. ಅವತ್ತು ಅದು ನೆನಪಾಗಲಿಲ್ಲ.

“ಸಹಿ ಮಾಡಬ್ಯಾಡಲೇ!” ಎಂದು ಕೂಗಿದೆ.

ಪೆನ್ನು ನಿಂತಿತು. ಶಾಯಿ ಹಾಳೆಗೆ ತಾಗಿ ಒಂದು ಚುಕ್ಕೆ ಬಿದ್ದಿತ್ತು, ಅಷ್ಟೇ.

“ಸರ್, ರುಮಾಲು ಬಿಚ್ಚಿಸಿದ್ದು ನಾನು. ಅದರ ಲಾಡಿಯಲ್ಲಿ ಇವನ ಗುರುತಿತ್ತು. ಊರಿನ ನಂಬರಿನ ಲೆಕ್ಕಕ್ಕೆ ಗಂಟು. ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.”

ಅಧಿಕಾರಿ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರಿಗಿಂತ ಮುಂಚೆ ಗೆಳೆಯ ಕೇಳಿದ:

“ನೀನಾ?”

“ನಾನ.”

“ಬೇಕಂತ?”

“ಇಲ್ಲಲೇ. ಹಬ್ಬಕ್ಕ ಚಂದ ಕಾಣ್ಲಿ ಅಂತ.”

ಆಮೇಲೆ ಅವನ ಹೆಗಲು ಅಲುಗಾಡತೊಡಗಿತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ.

“ಚಂದ ಕಾಣಾಕ! ಹುಚ್ಚಪ್ಪಾ, ನೀವೆಲ್ಲ ಕೂಡಿ ನನ್ನ ಓಡ್ಸಾಕ ಮಾಡೀರಿ ಅಂದ್ಕೊಂಡೆ. ಚಂದ ಕಾಣಾಕಂತ!”

ಅಧಿಕಾರಿಗೆ ನಗು ಬರಲಿಲ್ಲ. ಅವರು ಒಣ ಮನುಷ್ಯ. “ಗಂಟು ಎಣಿಸಿ ಊರು ಹೇಳುತ್ತಾರೆ ಅನ್ನುವುದಕ್ಕೆ ಏನು ಆಧಾರ? ಹಳೇ ಬಟ್ಟೆ ಎಲ್ಲಿವೆ?” ಅಂದರು.

ಅಟೆಂಡರಮ್ಮ ಎರಡೂ ಕೈ ಬಾಯಿಗೆ ಹಿಡಿದಳು.

“ಯವ್ವಾ! ನಮ್ಮತ್ತಿ ಕೌದಿ ಹೊಲಿಯಾಕ ಕುಂತಾಳ್ರಿ!”

ಬಿಚ್ಚಿ ಎಸೆದ ಬಟ್ಟೆಗಳನ್ನು, ಗಟ್ಟಿ ಬಟ್ಟೆ ಹಾಳಾಗುವುದು ಯಾಕೆಂದು, ಅವಳು ನನ್ನನ್ನು ಕೇಳಿಯೇ ಮನೆಗೆ ಒಯ್ದಿದ್ದಳು. ಒಗೆದು, ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ ಹೊಲಿದರೆ ಎರಡು ಕೌದಿಯಾಗುತ್ತಿದ್ದವು.

“ಫೋನ್ ಮಾಡಿ,” ಅಂದರು ಅಧಿಕಾರಿ.

“ಆಕಿ ಫೋನ್ ಎತ್ತಂಗಿಲ್ರಿ ಸರ. ಕಂಪನಿಯವ್ರು ಅಂತ ಕಟ್ ಮಾಡ್ತಾಳ.”

ಅಧಿಕಾರಿ ಬಾಗಿಲ ಕಡೆ ನೋಡಿ ಡ್ರೈವರಿಗೆ, “ಇವರನ್ನು ಕರೆದುಕೊಂಡು ಹೋಗಿ ಬಾ,” ಅಂದರು. ಹಾಗೆ ಅಟೆಂಡರಮ್ಮ ಸಾಹೇಬರ ಜೀಪಿನ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಬಸ್ ನಿಲ್ದಾಣದ ಮುಂದೆ ಮೆಕ್ಕೆಜೋಳದ ಟ್ರ್ಯಾಕ್ಟರುಗಳು ಸಾಲು ನಿಂತಿದ್ದವು. ಡ್ರೈವರ್ ಹಾರ್ನ್ ಬಿಡದೆ ಒತ್ತಿದ. ಜನ ನಮ್ಮನ್ನು ನೋಡಿ, ಎಲ್ಲೋ ದಾಳಿಗೆ ಹೊರಟಿದ್ದಾರೆ ಎಂದು ದಾರಿ ಬಿಟ್ಟರು.

“ಕತ್ರಿ ಹಚ್ಚಿರಬಾರ್ದು, ಕತ್ರಿ ಹಚ್ಚಿರಬಾರ್ದು,” ಎಂದು ಅಟೆಂಡರಮ್ಮ ಮನೆ ಬರುವವರೆಗೂ ಹೇಳುತ್ತಲೇ ಇದ್ದಳು.

ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಗೆದು ಒಣಗಿಸಿದ ಕೆಂಪು ಬಟ್ಟೆಗಳ ರಾಶಿ. ಕೈಯಲ್ಲಿ ಕತ್ತರಿ.

“ಅತ್ತಿ, ಕತ್ರಿ ಕೆಳಗಿಡು!”

“ಯಾಕ, ಏನಾತು? ಯಾರಿವ್ರು?”

“ಕಚೇರಿಯವ್ರು. ಬಟ್ಟಿ ವಾಪಸ್ ಬೇಕಂತ.”

ಮುದುಕಿ ಜೀಪು ನೋಡಿದಳು, ನನ್ನನ್ನು ನೋಡಿದಳು. “ಚಿಂದಿ ಕೇಳಾಕ ಸರಕಾರ ಜೀಪ್ ತಗೊಂಡು ಬಂತಾ? ತಗೊಂಡು ಹೋಗ್ರಿ. ಈ ಲಾಡಿ ಗಂಟು ಬಿಚ್ಚಿ ಬಿಚ್ಚಿ ನನ್ನ ಉಗುರು ಕಿತ್ತು ಬಂದ್ವು. ಯಾವ ಖೋಡಿ ಹಾಕ್ಯಾನೋ!”

ನಾನು ರಾಶಿಯ ಮೇಲೆ ಬಿದ್ದೆ. ಒಂಬತ್ತು ಬಟ್ಟೆಗಳು ತುಂಡಾಗಿದ್ದವು. ಉಳಿದವುಗಳ ಲಾಡಿಯಲ್ಲಿ ಗಂಟುಗಳು ನೀರು ಕುಡಿದು ಬಿಗಿದು, ಹುಣಸೆ ಬೀಜದಂತೆ ಗಟ್ಟಿಯಾಗಿ ಕೂತಿದ್ದವು. ನನಗೆ ಕುಣಿಯಬೇಕು ಅನ್ನಿಸಿತು. ಮುದುಕಿಯ ಕಾಲು ಮುಟ್ಟಿದೆ. “ಇವಗೇನಾಗೇತಿ?” ಎಂದು ಅವಳು ಸೊಸೆಯನ್ನು ಕೇಳಿದಳು.

ನಾವು ಮರಳಿದಾಗ ಹನ್ನೆರಡು ಗಂಟೆ ದಾಟಿತ್ತು. ಅಧಿಕಾರಿ ದಾಖಲೆ ಕೋಣೆಯ ಸ್ಟೂಲಿನ ಮೇಲೇ ಕೂತು ಬೇರೆ ರಿಜಿಸ್ಟರು ನೋಡುತ್ತಿದ್ದರು. ಅರ್ಜಿ ಟೇಬಲ್ ಮೇಲೆ ಹಾಗೇ ಇತ್ತು, ಮೇಲೆ ಪೆನ್ನು. ಗೆಳೆಯ ಗೋಡೆಗೆ ಒರಗಿ ನಿಂತಿದ್ದ.

ಹಳೇ ರುಮಾಲುಗಳ ಮೂಲೆಯಲ್ಲಿ ಹಿಂದಿನವರು ಊರಿನ ಹೆಸರನ್ನು ಶಾಯಿಯಿಂದ ಬರೆದಿದ್ದರು. ಒಗೆದರೂ ಮಬ್ಬಾಗಿ ಉಳಿದಿತ್ತು. ಅಧಿಕಾರಿ ರಾಶಿಯ ನಡುವಿನಿಂದ ಒಂದನ್ನು ಎಳೆದು, ತಾವು ಹೆಸರು ಓದಿಕೊಂಡು, ಲಾಡಿಗಳನ್ನು ಗೆಳೆಯನ ಕೈಗೆ ಕೊಟ್ಟರು. ಹೆಬ್ಬೆರಳು ಓಡಿತು.

“ಉದ್ದ ಲಾಡಿ ಹತ್ತಿನ ಲೆಕ್ಕ, ಗಿಡ್ಡದ್ದು ಬಿಡಿ ಲೆಕ್ಕ, ಸರ್. ಇದರಾಗ ಆರು, ಇದರಾಗ ಎರಡು. ಅರವತ್ತೆರಡನೇ ಊರು.” ಊರಿನ ಹೆಸರು ಹೇಳಿದ. ಹೆಸರು ಬರೆದರೆ ತಾಲ್ಲೂಕು ತಿಳಿಯುತ್ತದೆ, ಅದಕ್ಕೆ ಬರೆಯುವುದಿಲ್ಲ. ಅಧಿಕಾರಿ ತಲೆಯಾಡಿಸಿದರು. ಇನ್ನೊಂದು ಕೊಟ್ಟರು. ಸರಿ. ಇನ್ನೊಂದು. ಸರಿ. ನಾಲ್ಕನೆಯದೂ ಸರಿ. ಹೊಸ್ತಿಲ ಹತ್ತಿರ ಬೇರೆ ಟೇಬಲಿನವರೆಲ್ಲ ಬಂದು ನಿಂತಿದ್ದರು. ಒಂದೊಂದು ಹೆಸರಿಗೂ ಹಿಂದಿನಿಂದ ಸದ್ದು ಏಳುತ್ತಿತ್ತು.

ಐದನೆಯದು ತಪ್ಪಾಯಿತು. ಇದನ್ನೂ ಬರೆಯಬೇಕು. ಅವನು ಹೇಳಿದ ಊರು ಒಂದು, ಮೂಲೆಯಲ್ಲಿದ್ದ ಹೆಸರು ಇನ್ನೊಂದು. ಮುದುಕಿ ಒಂದು ಗಂಟನ್ನು ಬಿಚ್ಚಿಬಿಟ್ಟಿದ್ದಳೋ, ಅವನೇ ಎಣಿಸುವಾಗ ತಪ್ಪಿದನೋ, ನನಗೆ ಗೊತ್ತಿಲ್ಲ.

“ನೋಡ್ರಿ ಸರ್, ತಪ್ಪಾತು,” ಅಂದರು ಶಿರಸ್ತೇದಾರರು. “ಅದಕ್ಕ ನಾ ಹೇಳೋದು.”

ಅಧಿಕಾರಿ ಕೇಳಿದರು: “ಕಡತ ಲಭ್ಯವಿಲ್ಲ ಎಂದು ರೈತರಿಗೆ ಈ ಕಚೇರಿಯಿಂದ ಹಿಂಬರಹ ಹೋಗುತ್ತದಲ್ಲ, ಹೋದ ತಿಂಗಳು ಎಷ್ಟು ಹೋಗಿವೆ?”

ಶಿರಸ್ತೇದಾರರು ಕೈಯಲ್ಲಿದ್ದ ಫೈಲು ಮುಚ್ಚಿದರು.

“ಆ ಕಡತ ಹುಡುಕಿದವರಿಗೆಲ್ಲ ಕಣ್ಣಿತ್ತಲ್ಲ?”

ಆ ತಿಂಗಳ ಹಿಂಬರಹಗಳಲ್ಲಿ ನಾಲ್ಕು ನನ್ನವು. ಒಂದನ್ನಂತೂ ಹುಡುಕಿಯೂ ಇರಲಿಲ್ಲ, ಊಟದ ಹೊತ್ತಾಗಿತ್ತು. ನನ್ನ ಮುಂದೆ ಯಾರೂ ನಿವೃತ್ತಿ ಅರ್ಜಿ ಇಟ್ಟಿರಲಿಲ್ಲ.

ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ಆ ಕಾರಣಕ್ಕೆ ತೆಗೆಯುವಂತಿಲ್ಲ, ಆ ಕೆಲಸ ಆಗದಿದ್ದರೆ ಅದೇ ಪಗಾರದ ಬೇರೆ ಕೆಲಸ ಕೊಡಬೇಕು, ಕಾಯ್ದೆ ಇದೆ ಎಂದು ಅಧಿಕಾರಿ ಶಿರಸ್ತೇದಾರರಿಗೆ ಹೇಳಿದರು. ದನಿ ಏರಿಸಲಿಲ್ಲ. “ಇಲ್ಲಿ ಬೇರೆ ಕೆಲಸವೂ ಬೇಡ. ಇವರ ಗಂಟು ಇವರಿಗೆ ವಾಪಸ್ ಕೊಡಿ, ಸಾಕು.” ಅರ್ಜಿಯನ್ನು ಮಡಚಿ ಗೆಳೆಯನ ಕೈಗಿಟ್ಟರು. “ಇದು ನಿಮ್ಮ ಹೆಸರಿನಲ್ಲಿದೆ. ಏನು ಮಾಡುವುದು ನಿಮಗೆ ಬಿಟ್ಟದ್ದು.”

ಗೆಳೆಯ ಅದನ್ನು ಅಟೆಂಡರಮ್ಮನ ಕಡೆ ಚಾಚಿದ. “ತಗೋಬೇ. ಒಂಬತ್ತು ಬಟ್ಟಿ ಉಳದಾವಲ್ಲ, ಅದರ ನಡಕ ಇದನ್ನೂ ಇಟ್ಟು ಹೊಲಿಯಾಕ ಹೇಳು ನಿಮ್ಮತ್ತಿಗೆ.”

ಕೋಣೆಯೊಳಗೆ, ಹೊರಗೆ, ಎಲ್ಲರೂ ಒಮ್ಮೆಲೇ ನಕ್ಕರು. ಶಿರಸ್ತೇದಾರರೂ ನಕ್ಕರು, ಸ್ವಲ್ಪ ತಡವಾಗಿ.

ಅಂದಿನ ಮಧ್ಯಾಹ್ನದಿಂದ ಮರುದಿನ ಸಂಜೆಯವರೆಗೆ ಕಚೇರಿಯಲ್ಲಿ ಇನ್ನೊಂದು ಹಬ್ಬ. ನಾನು ಪಟ್ಟಿ ಹಿಡಿದು ಊರಿನ ನಂಬರು ಕೂಗುವುದು, ಉಳಿದವರು ಹೊಸ ಲಾಡಿಗೆ ಗಂಟು ಹಾಕುವುದು, ಗೆಳೆಯ ಒಂದೊಂದನ್ನೂ ಮುಟ್ಟಿ ನೋಡಿ ರ‍್ಯಾಕಿಗೆ ಸೇರಿಸುವುದು. ಪ್ರತಿ ನಂಬರಿಗೂ ನನ್ನ ದನಿ ಏರುತ್ತಲೇ ಹೋಯಿತು, ಹರಾಜು ಕೂಗುವವನಂತೆ. ಎರಡನೇ ದಿನ ಶಿರಸ್ತೇದಾರರೇ ಬಂದು ಕೂತು ಒಂದು ರುಮಾಲು ಕಟ್ಟಿದರು.

ಗೆಳೆಯ ಮುಟ್ಟಿ ನೋಡಿದ. “ಸರ, ಇದು ನಲವತ್ತೇಳಲ್ಲ, ನಲವತ್ತಾರು. ಒಂದು ಗಂಟು ನುಂಗೀರಿ.”

ಅವರು ಬಿಚ್ಚಿ, ಕನ್ನಡಕ ಏರಿಸಿಕೊಂಡು, ಮತ್ತೆ ಹಾಕಿದರು.

ವಾರದ ಮೇಲೆ ತಪಾಸಣಾ ವರದಿ ಬಂತು. ಅದರಲ್ಲಿ ಒಂದು ಸಾಲು: ‘ದಾಖಲೆ ಕೋಣೆಯ ರುಮಾಲುಗಳ ಗಂಟುಗಳನ್ನು, ಸದರಿ ಕೋಣೆಯ ಉಸ್ತುವಾರಿ ನೌಕರರ ಒಪ್ಪಿಗೆಯಿಲ್ಲದೆ ಬಿಚ್ಚತಕ್ಕದ್ದಲ್ಲ, ಬದಲಿಸತಕ್ಕದ್ದಲ್ಲ.’ ಆ ಹಾಳೆಯನ್ನು ನಾನೇ ಕೋಣೆಯ ಬಾಗಿಲಿಗೆ ಅಂಟಿಸಿದೆ. ಈಗಲೂ ಅಲ್ಲಿದೆ.

ಈ ಬರಹವನ್ನು ಹೋದ ಭಾನುವಾರ ಗೆಳೆಯನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಅರ್ಜಿ ಕೇಳುವ ಮೊದಲು ತಾನು ಎಷ್ಟು ರುಮಾಲು ಮುಟ್ಟಿದೆನೆಂದು ಬರೆದಿಲ್ಲವಲ್ಲ ಅಂದ. ಹನ್ನೊಂದು ಎಂದು ನನ್ನ ನೆನಪು, ಖಾತ್ರಿಯಿಲ್ಲ, ಅದಕ್ಕೇ ಬಿಟ್ಟೆ ಅಂದೆ. “ಹದಿಮೂರು,” ಅಂದ. ಮುಟ್ಟಿದವನು ಅವನು. ಹದಿಮೂರು ಎಂದೇ ಇರಲಿ.

ಶಿರಸ್ತೇದಾರರು ನಿವೃತ್ತರಾಗಿ ಕಳೆದ ವರ್ಷ ತೀರಿಕೊಂಡರು. ಅವರ ಮಾತುಗಳನ್ನು ಕೇಳಿದಂತೆಯೇ ಬರೆದಿದ್ದೇನೆ, ಏನೂ ಸೇರಿಸಿಲ್ಲ. ಅಧಿಕಾರಿ ವರ್ಗವಾಗಿ ಹೋದರು, ಎಲ್ಲಿದ್ದಾರೋ ತಿಳಿಯದು, ಅವರನ್ನು ಸಾಕ್ಷಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವತ್ತಿನದನ್ನು ಕಂಡವರಲ್ಲಿ ಈಗ ಇರುವವರು ಇವರು: ಜೀಪಿನ ಡ್ರೈವರ್, ಈಗ ಕೊಟ್ಟೂರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಅಟೆಂಡರಮ್ಮ, ಅದೇ ಕೋಣೆಯಲ್ಲಿ, ಅದೇ ಟೇಬಲ್ಲಿನ ಮುಂದೆ. ಅವಳ ಅತ್ತೆ, ಕೌದಿ ಅರ್ಧಕ್ಕೇ ನಿಂತಿತೆಂದು ನನ್ನನ್ನು ಕಂಡಾಗಲೆಲ್ಲ ಬೈಯುತ್ತಾಳೆ. ಮತ್ತೆ ಗೆಳೆಯ. ನಾಳೆ ಸೋಮವಾರ, ಹತ್ತು ಗಂಟೆಗೆ ಕೀಲಿ ತೆಗೆಯುವವನು ಅವನೇ.